ಕನ್ನಡ ಮೀಡಿಯಂ ಮಕ್ಕಳಿಗೆ ಇಂಗ್ಲಿಷ್: ಯಾವ ಸೈಟು ನಿಜವಾಗಿ ಕೆಲಸಕ್ಕೆ ಬರುತ್ತದೆ? ಸಂಶೋಧನೆ ಪೇಪರ್ ಪುಕ್ಕಟೆ ಎಲ್ಲಿ ಸಿಗುತ್ತದೆ?

ಹಾವೇರಿ_ಟೀಚರ್:

ಎಲ್ಲರಿಗೂ ನಮಸ್ಕಾರ. ಸರ್ಕಾರಿ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ. ಕನ್ನಡ ಮೀಡಿಯಂ ಮಕ್ಕಳು, ಇಂಗ್ಲಿಷ್ ಅವರಿಗೆ ದ್ವಿತೀಯ ಭಾಷೆ. ಎರಡು ವಿಷಯ ಕೇಳಬೇಕಿತ್ತು.

ಮೊದಲನೆಯದು ಓದಿನದು. ಪಾಠದ ಪ್ರಶ್ನೋತ್ತರ ಕೇಳಿದರೆ ಗೈಡಿನಲ್ಲಿ ಇರುವುದನ್ನು ಒಂದಕ್ಷರ ಬಿಡದೆ ಒಪ್ಪಿಸುತ್ತಾರೆ. ಪುಸ್ತಕದಲ್ಲಿ ಇಲ್ಲದ ಪ್ಯಾಸೇಜ್ ಕೊಟ್ಟರೆ ಮುಗಿಯಿತು. ಏನು ಮಾಡುತ್ತಾರೆ ಗೊತ್ತಾ, ಪ್ರಶ್ನೆಯಲ್ಲಿರುವ ಒಂದು ದೊಡ್ಡ ಪದವನ್ನು ಪ್ಯಾಸೇಜಿನಲ್ಲಿ ಹುಡುಕಿ, ಅದು ಸಿಕ್ಕ ಸಾಲನ್ನು ಫುಲ್‌ಸ್ಟಾಪ್ ತನಕ ಹಾಗೇ ಇಳಿಸುತ್ತಾರೆ. ಎಷ್ಟೋ ಸಲ ಅದೇ ಸರಿ ಉತ್ತರವೂ ಆಗಿಬಿಡುತ್ತದೆ, ಮಾರ್ಕ್ಸೂ ಬರುತ್ತದೆ. ಅರ್ಥ ಕೇಳಿದರೆ ಮಾತ್ರ ಮುಖ ಮುಖ ನೋಡುತ್ತಾರೆ.

ಶಾಲೆಯಲ್ಲಿ ಟಿವಿ ಇದೆ, ನೆಟ್ ಇಲ್ಲ. ನನ್ನ ಫೋನಿನ ಹಾಟ್‌ಸ್ಪಾಟ್ ಕಿಟಕಿ ಪಕ್ಕ ಇಟ್ಟರೆ ಮಾತ್ರ ಸಿಗ್ನಲ್. ಪೆನ್ ಡ್ರೈವ್ ಓಡುತ್ತದೆ. ತರಬೇತಿಗೆ ಹೋದಾಗಲೆಲ್ಲ ಒಂದು ಉದ್ದದ ಆ್ಯಪ್ ಪಟ್ಟಿ ಕೊಡುತ್ತಾರೆ, ಅದನ್ನೆಲ್ಲ ಹಾಕಿಕೊಳ್ಳಲು ಫೋನಿನಲ್ಲಿ ಜಾಗವೂ ಇಲ್ಲ, ಮಕ್ಕಳ ಕೈಯಲ್ಲಿ ಫೋನೂ ಇಲ್ಲ.

ಎರಡನೆಯದು, ಡಯಟ್‌ಗೆ (ಜಿಲ್ಲೆಯ ಶಿಕ್ಷಕರ ತರಬೇತಿ ಸಂಸ್ಥೆ) ಈ ವರ್ಷ ಒಂದು ಕ್ರಿಯಾ ಸಂಶೋಧನೆ, ಅಂದರೆ ನಮ್ಮದೇ ತರಗತಿಯ ಒಂದು ಸಮಸ್ಯೆ ಹಿಡಿದು ಮಾಡುವ ಸಣ್ಣ ಅಧ್ಯಯನ, ಬರೆದು ಕೊಡಬೇಕು. ಹಳೇ ಫೈಲಿನ ಹೆಸರು ಬದಲಾಯಿಸಿ ಕೊಡುವ ಮನಸ್ಸಿಲ್ಲ, ಈ ಓದಿನ ವಿಷಯವನ್ನೇ ಇಟ್ಟುಕೊಂಡು ಮಾಡೋಣ ಅಂತ. ಆದರೆ ಯಾವ ಪೇಪರ್ ಒತ್ತಿದರೂ ಡಾಲರ್ ಕೇಳುತ್ತದೆ. ದಾರಿ ಇದ್ದರೆ ಹೇಳಿ.

ಚಾಕ್‌ಪೀಸ್:

ಮೇಡಂ, ಆ್ಯಪ್ ಪಟ್ಟಿ ಮರೆತುಬಿಡಿ. ನಿಮ್ಮ ಪರಿಸ್ಥಿತಿಯಲ್ಲಿ ಬೇಕಿರುವುದು ಮನೆಯಲ್ಲಿ ಕೂತು ತಯಾರಿ ಮಾಡುವಾಗ ಉಪಯೋಗಕ್ಕೆ ಬರುವ ಸೈಟು, ತರಗತಿಯಲ್ಲಿ ಓಡಿಸುವ ಸೈಟಲ್ಲ.

ಮೊದಲು ನೀವು ಕೊಡುವ ಪ್ಯಾಸೇಜ್ ಆ ಮಕ್ಕಳಿಗೆ ಎಷ್ಟು ಭಾರ ಅಂತ ಅಳೆಯಿರಿ. ಲೆಕ್ಸ್‌ಟ್ಯೂಟರ್ ಅಂತ ಒಂದು ಸೈಟಿದೆ, ಕೆನಡಾದ ಟಾಮ್ ಕಾಬ್ ಅನ್ನುವ ಪ್ರೊಫೆಸರ್ ಮಾಡಿದ್ದು. ನೋಡಲು ಹಳೇ ಕಾಲದ ಸೈಟು, ಎಲ್ಲಿ ಒತ್ತಬೇಕು ಅಂತ ಮೊದಲು ತಲೆ ಕೆಡುತ್ತದೆ, ಆದರೆ ಪೂರ್ತಿ ಪುಕ್ಕಟೆ. ಅದರಲ್ಲಿ ವೊಕ್ಯಾಬ್‌ಪ್ರೊಫೈಲ್ ಅನ್ನುವುದಕ್ಕೆ ಹೋಗಿ, ಹಳೇ ಕ್ಲಾಸಿಕ್ ಆವೃತ್ತಿ ಆರಿಸಿ, ಪ್ಯಾಸೇಜ್ ಅಂಟಿಸಿ. ಇಂಗ್ಲಿಷಿನಲ್ಲಿ ಅತಿ ಹೆಚ್ಚು ಬಳಕೆಯ ಮೊದಲ ಸಾವಿರ ಪದಗಳು ನೀಲಿ, ಎರಡನೇ ಸಾವಿರ ಹಸಿರು, ಕಾಲೇಜು ಮಟ್ಟದವು ಹಳದಿ, ಪಟ್ಟಿಯಲ್ಲಿ ಇಲ್ಲದವು ಕೆಂಪು. ಯಾವುದು ಎಷ್ಟು ಪರ್ಸೆಂಟ್ ಅಂತ ಮೇಲೆ ಬರುತ್ತದೆ.

ಇದು ಯಾಕೆ ಮುಖ್ಯ ಅಂದರೆ, ಹು ಮತ್ತು ಪಾಲ್ ನೇಷನ್ ಅನ್ನುವವರು 2000ದಲ್ಲಿ ಒಂದು ಅಧ್ಯಯನ ಮಾಡಿದ್ದರು. ಯಾರ ಸಹಾಯವೂ ಇಲ್ಲದೆ ಓದಿ ಅರ್ಥ ಮಾಡಿಕೊಳ್ಳಬೇಕಾದರೆ ಸುಮಾರು 98 ಪರ್ಸೆಂಟ್ ಪದ ಗೊತ್ತಿರಬೇಕು. ಅಂದರೆ 50 ಪದಕ್ಕೆ ಒಂದೇ ಒಂದು ಹೊಸದು. 80 ಪರ್ಸೆಂಟ್ ಗೊತ್ತಿದ್ದಾಗ ಅವರ ಅಧ್ಯಯನದಲ್ಲಿ ಒಬ್ಬರಿಗೂ ಸರಿಯಾಗಿ ಅರ್ಥ ಆಗಿರಲಿಲ್ಲ. ನಮ್ಮ ಮಕ್ಕಳು ಎಷ್ಟೋ ಸಲ ಆ 80ಕ್ಕಿಂತ ಕೆಳಗೆ ಇರುತ್ತಾರೆ. ಅಲ್ಲಿ ನಿಂತು ‘ಓದಿ ಅರ್ಥ ಮಾಡ್ಕೊಳ್ರೋ’ ಅಂದರೆ ಅವರಾದರೂ ಏನು ಮಾಡುತ್ತಾರೆ, ಸಾಲು ಇಳಿಸುತ್ತಾರೆ.

ಒಂದು ಎಚ್ಚರಿಕೆ. ಆ ಎರಡು ಸಾವಿರದ ಪಟ್ಟಿ ಮೈಕೆಲ್ ವೆಸ್ಟ್ 1953ರಲ್ಲಿ ಪ್ರಕಟಿಸಿದ್ದು. (ಆತ ಢಾಕಾದಲ್ಲಿ ಶಿಕ್ಷಕರ ತರಬೇತಿ ಕಾಲೇಜಿನ ಪ್ರಿನ್ಸಿಪಾಲ್ ಆಗಿದ್ದವರು, ಬಂಗಾಳದ ಮಕ್ಕಳ ಇಂಗ್ಲಿಷ್ ಓದಿನ ಪಾಡು ಹತ್ತಿರದಿಂದ ಕಂಡವರು.) ಆದರೂ ಹಳ್ಳಿ ಹುಡುಗನಿಗೆ ಏನು ಗೊತ್ತು ಅಂತ ಪಟ್ಟಿಗೆ ಹೇಗೆ ಗೊತ್ತಾಗಬೇಕು? ಬೋರ್‌ವೆಲ್, ಪಂಕ್ಚರ್, ಸಬ್ಸಿಡಿ, ಟ್ರಾನ್ಸ್‌ಫಾರ್ಮರ್ ಇವೆಲ್ಲ ಪಟ್ಟಿಯ ಲೆಕ್ಕದಲ್ಲಿ ಕಷ್ಟದ ಪದ, ನಮ್ಮ ಮಕ್ಕಳಿಗೆ ಮನೆಮಾತು. ಅದೇ ‘ಥೋ’, ‘ಅನ್‌ಲೆಸ್’, ‘ಸಚ್’ ಥರದ್ದು ನೀಲಿ ಬಣ್ಣದಲ್ಲಿ ಸುಮ್ಮನೆ ಕೂತಿರುತ್ತವೆ, ಎಡವುವುದೇ ಅಲ್ಲಿ. ಹಾಗಾಗಿ ಕೆಂಪನ್ನು ನೀವೇ ಒಂದು ಸಲ ಜರಡಿ ಹಿಡಿಯಿರಿ.

ಓದಲು ಏನು ಕೊಡೋದು ಅಂದರೆ ಸ್ಟೋರಿವೀವರ್ ನೋಡಿ. ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ್ದು. ಕಥೆಗಳಿಗೆ ಹಂತ ಇದೆ, ಒಂದರಿಂದ ನಾಲ್ಕು. ಪಿಡಿಎಫ್ ಇಳಿಸಿಕೊಂಡು ಪೆನ್ ಡ್ರೈವಿಗೆ ಹಾಕಿ, ಪಿಡಿಎಫ್ ತೆರೆಯುವ ಟಿವಿಯಾದರೆ ಅದರಲ್ಲೇ ಓಡುತ್ತದೆ. ಪ್ರಿಂಟ್ ತೆಗೆದು ಹಂಚಿದರೂ ತಕರಾರಿಲ್ಲ, ಲೈಸೆನ್ಸ್ ಹಾಗಿದೆ. ಎಷ್ಟೋ ಕಥೆ ಕನ್ನಡದಲ್ಲೂ ಇವೆ. ಒಂಬತ್ತನೇ ಕ್ಲಾಸಿನವರಿಗೆ ಎರಡನೇ ಹಂತದ ಕಥೆ ಕೊಡೋದಾ ಅಂತ ಮುಜುಗರ ಬೇಡ, ಕಥೆ ಚೆನ್ನಾಗಿದ್ದರೆ ಅವರು ಹಂತ ನೋಡುವುದಿಲ್ಲ.

ತುಂಗಾತೀರ:

ಡಿಗ್ರಿ ಕಾಲೇಜಿನಲ್ಲಿದ್ದೇನೆ, ಪೇಪರ್ ಹುಡುಕುವ ಕಷ್ಟ ನಮಗೂ ಇದ್ದದ್ದೇ. ಡಾಲರ್ ಕೇಳುವ ಪುಟಕ್ಕೆ ಹೋಗಲೇಬೇಡಿ.

ಗೂಗಲ್ ಸ್ಕಾಲರ್‌ನಲ್ಲಿ ಹುಡುಕಿದಾಗ ಬಲಗಡೆ ಪಿಡಿಎಫ್ ಅಂತ ಇದ್ದರೆ ಅದು ಪುಕ್ಕಟೆ. ಇಲ್ಲದಿದ್ದರೆ ಪ್ರತಿ ಫಲಿತಾಂಶದ ಕೆಳಗೆ ‘ಆಲ್ ವರ್ಷನ್ಸ್’ ಅಂತ ಸಣ್ಣ ಅಕ್ಷರದಲ್ಲಿ ಇರುತ್ತದೆ, ಅದನ್ನು ಒತ್ತಿ. ಬರೆದವರು ತಮ್ಮ ಯೂನಿವರ್ಸಿಟಿ ಪುಟದಲ್ಲಿ ಹಾಕಿರುವ ಪ್ರತಿ ಎಷ್ಟೋ ಸಲ ಅಲ್ಲಿ ಸಿಗುತ್ತದೆ. ಅಲ್ಲೂ ಇಲ್ಲ ಅಂದರೆ ಲೇಖಕರಿಗೇ ಎರಡು ಸಾಲಿನ ಮೇಲ್ ಹಾಕಿ. ಸಂಕೋಚ ಬೇಡ, ತಮ್ಮ ಪೇಪರನ್ನು ಯಾರೋ ಕೇಳಿ ಓದುತ್ತಾರೆ ಅಂದರೆ ಅವರಿಗೂ ಖುಷಿ.

ಎರಡನೇದು ಎರಿಕ್, ಅಮೆರಿಕದ ಶಿಕ್ಷಣ ಇಲಾಖೆಯ ಭಂಡಾರ. ಅಲ್ಲಿ ‘ಫುಲ್ ಟೆಕ್ಸ್ಟ್ ಅವೈಲೆಬಲ್ ಆನ್ ಎರಿಕ್’ ಅನ್ನುವ ಚೌಕಕ್ಕೆ ಟಿಕ್ ಹಾಕಿ ಹುಡುಕಿ, ಓದಲು ಸಿಗುವವು ಮಾತ್ರ ಬರುತ್ತವೆ. ಇಲ್ಲದಿದ್ದರೆ ಬರೀ ಸಾರಾಂಶ ನೋಡಿ ಬೇಜಾರಾಗುತ್ತದೆ.

ನಮ್ಮ ದೇಶದ ಥೀಸಿಸ್‌ಗೆ ಶೋಧಗಂಗಾ. ಗುಣಮಟ್ಟದ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಒಂದೊಂದು ಒಂದೊಂದು ಥರ. ಆದರೆ ಕನ್ನಡ ಮೀಡಿಯಂ ಮಕ್ಕಳ ಇಂಗ್ಲಿಷ್ ಬಗ್ಗೆ ಅಮೆರಿಕದವರು ಬರೆಯುತ್ತಾರಾ? ಅದಕ್ಕೆ ಇಲ್ಲಿಗೇ ಬರಬೇಕು. ಅಧ್ಯಾಯ ಅಧ್ಯಾಯವೇ ಬೇರೆ ಪಿಡಿಎಫ್ ಇರುತ್ತವೆ. ಪೂರ್ತಿ ಇಳಿಸಿ ಡೇಟಾ ಖಾಲಿ ಮಾಡಬೇಡಿ. ಹಿಂದಿನ ಅಧ್ಯಯನಗಳ ಅಧ್ಯಾಯ ಒಂದು, ಕೊನೆಯ ಅನುಬಂಧ ಒಂದು, ಸಾಕು. ಅನುಬಂಧದಲ್ಲಿ ಅವರು ಮಕ್ಕಳಿಗೆ ಕೊಟ್ಟ ಪರೀಕ್ಷೆ, ಪ್ರಶ್ನಾವಳಿ ಇರುತ್ತದೆ. ಅದನ್ನು ನೋಡಿದರೆ ಕೆಲಸ ಹೇಗೆ ಮಾಡಿದ್ದಾರೆ ಅಂತ ಗೊತ್ತಾಗಿಬಿಡುತ್ತದೆ.

ಕನ್ನಡದಲ್ಲೇ ಬೇಕು ಅಂದರೆ ಟೆಸ್-ಇಂಡಿಯಾ ಇದೆ, ಬ್ರಿಟನ್ನಿನ ಓಪನ್ ಯೂನಿವರ್ಸಿಟಿಯವರು ಇಲ್ಲಿನ ಶಿಕ್ಷಕರಿಗಾಗಿ ಮಾಡಿದ್ದು. ನಮ್ಮಂಥದೇ ತರಗತಿಗಳ ವಿಡಿಯೊ ಕೂಡ ಇವೆ.

ಇನ್ನು ನಿಮ್ಮ ಕ್ರಿಯಾ ಸಂಶೋಧನೆ. ವಿಷಯ ಹುಡುಕಬೇಡಿ, ಮೇಲೆ ನೀವೇ ಬರೆದಿದ್ದೀರಿ. ‘ಇಂಗ್ಲಿಷ್ ಓದುವ ಕೌಶಲ ಸುಧಾರಿಸುವುದು’ ಅಂತ ಇಟ್ಟರೆ ಯಾವ ಊರಿಗೂ ಮುಟ್ಟುವುದಿಲ್ಲ. ‘ಪ್ರಶ್ನೆಯ ಪದ ಪ್ಯಾಸೇಜಿನಲ್ಲಿ ಇಲ್ಲದ ಹಾಗೆ ಪ್ರಶ್ನೆ ಕೇಳಿದರೆ ಮಕ್ಕಳು ಏನು ಮಾಡುತ್ತಾರೆ’ ಅಂತ ಇಡಿ. ಒಂದೇ ಪ್ಯಾಸೇಜು, ಎರಡು ಥರದ ಪ್ರಶ್ನೆ. ಸಾಲು ಇಳಿಸಿದ್ದು ಎಷ್ಟು, ಸ್ವಂತ ಮಾತಿನಲ್ಲಿ ಬರೆದದ್ದು ಎಷ್ಟು, ತಪ್ಪು ಇಂಗ್ಲಿಷಾದರೂ ಅರ್ಥ ಸರಿ ಇದ್ದದ್ದು ಎಷ್ಟು, ಕನ್ನಡದಲ್ಲಿ ಉತ್ತರಿಸಿ ಅಂದಾಗ ಎಷ್ಟು. ಈ ನಾಲ್ಕು ಕಾಲಂ ತುಂಬಿದರೆ ಅದೇ ಸಂಶೋಧನೆ. ಹುಡುಕುವಾಗ ‘ಟೆಸ್ಟ್ ಟೇಕಿಂಗ್ ಸ್ಟ್ರಾಟಜೀಸ್’ ಮತ್ತು ‘ರೀಡಿಂಗ್ ಕಾಂಪ್ರಹೆನ್ಷನ್’ ಎರಡನ್ನೂ ಕೋಟ್ ಹಾಕಿ ಸೇರಿಸಿ ಕೊಡಿ.

ಹಾವೇರಿ_ಟೀಚರ್:

ಇಬ್ಬರಿಗೂ ಥ್ಯಾಂಕ್ಸ್. ಕನ್ನಡದಲ್ಲಿ ಉತ್ತರಿಸಿ ಅನ್ನುವ ಕಾಲಂ ನನಗೆ ಹೊಳೆದೇ ಇರಲಿಲ್ಲ. ಅರ್ಥ ಆಗಿಲ್ಲವಾ, ಇಂಗ್ಲಿಷಿನಲ್ಲಿ ಬರೆಯಲು ಬರುವುದಿಲ್ಲವಾ ಅಂತ ಅಲ್ಲೇ ಬೇರೆ ಆಗುತ್ತದೆ ಅಲ್ವಾ.

ಇನ್ನೊಂದು. ನಮ್ಮ ಸ್ಟಾಫ್‌ರೂಮಿನಲ್ಲಿ ಎಲ್ಲರೂ ‘ಚಾಟ್‌ಜಿಪಿಟಿ ಕೇಳಿ, ಪೇಪರ್ ಪಟ್ಟಿನೂ ಕೊಡುತ್ತೆ, ಪ್ಯಾಸೇಜೂ ಮಾಡಿಕೊಡುತ್ತೆ’ ಅನ್ನುತ್ತಾರೆ. ಹೌದಾ?

ಪದಹುಳ:

ಪ್ಯಾಸೇಜ್ ಮಾಡಿಕೊಡುತ್ತದೆ, ಹೌದು. ಪೇಪರ್ ಪಟ್ಟಿಗೆ ಮಾತ್ರ ನಂಬಬೇಡಿ. ಇಲ್ಲದ ಪೇಪರ್ ಹೆಸರು, ಇಲ್ಲದ ವರ್ಷ, ನಿಜವಾದ ಲೇಖಕರ ಹೆಸರಿನ ಮುಂದೆ ಅವರು ಬರೆಯದೇ ಇರುವ ಲೇಖನ, ಎಲ್ಲ ಸೇರಿಸಿ ಒಮ್ಮೊಮ್ಮೆ ಬಹಳ ಧೈರ್ಯವಾಗಿ ಕೊಡುತ್ತದೆ. ಪ್ರತಿಯೊಂದು ಹೆಸರನ್ನೂ ಸ್ಕಾಲರ್‌ನಲ್ಲಿ ಹಾಕಿ ನೋಡಿ, ಸಿಗಲಿಲ್ಲ ಅಂದರೆ ಬಿಟ್ಟುಬಿಡಿ.

ಪ್ಯಾಸೇಜಿಗೆ ಹೀಗೆ ಮಾಡಿ: ಪಠ್ಯಪುಸ್ತಕದ ಒಂದು ಪ್ಯಾರಾ ಕೊಟ್ಟು, ಇದೇ ವಿಷಯವನ್ನು ಮೊದಲ ಸಾವಿರ ಪದಗಳಲ್ಲಿ ಬರೆ ಅನ್ನಿ. ಬಂದದ್ದನ್ನು ಚಾಕ್‌ಪೀಸ್ ಹೇಳಿದ ಸೈಟಿಗೆ ಹಾಕಿ ಅಳೆಯಿರಿ. ಸಾವಿರದೊಳಗೆ ಬರೆದೆ ಅಂತ ಅದು ಹೇಳಿದರೂ ಹಸಿರು, ಕೆಂಪು ಇಣುಕುತ್ತಲೇ ಇರುತ್ತವೆ.

ಒಬ್ಬರೂ ಸ್ಕೆಲ್ ಹೆಸರು ಎತ್ತಲಿಲ್ಲ, ಆಶ್ಚರ್ಯ. ಇಂಗ್ಲಿಷಿನಲ್ಲಿ ಯಾವ ಪದದ ಜೊತೆ ಯಾವ ಪದ ಬರುತ್ತದೆ ಅಂತ ತೋರಿಸುವ ಸೈಟು ಅದು. ಲಾಗಿನ್ ಬೇಡ, ಫೋನಿನಲ್ಲೂ ತೆರೆಯುತ್ತದೆ. ನಮ್ಮ ಮಕ್ಕಳು ‘ಜೋರು ಮಳೆ ಬಂತು’ ಅನ್ನುವುದನ್ನು ‘ಬಿಗ್ ರೇನ್ ಕೇಮ್’ ಅಂತ ಬರೆಯುತ್ತಾರಲ್ಲ, ಸ್ಕೆಲ್‌ನಲ್ಲಿ ‘ರೇನ್’ ಹಾಕಿ ‘ವರ್ಡ್ ಸ್ಕೆಚ್’ ಒತ್ತಿ. ‘ಹೆವಿ’, ‘ಟೊರೆನ್ಶಿಯಲ್’ ಥರದ ಜೊತೆಗಾರ ಪದಗಳೆಲ್ಲ ಸಾಲಾಗಿ ಬರುತ್ತವೆ. ಅದನ್ನು ಬೋರ್ಡಿನಲ್ಲಿ ಬರೆದು, ‘ಬಿಗ್ ಎಲ್ಲಿದೆ ಹುಡುಕಿ’ ಅನ್ನಿ. ನೀವು ತಪ್ಪು ಅನ್ನಬೇಕಾಗಿಲ್ಲ, ಅವರೇ ನೋಡುತ್ತಾರೆ.

ನಿಮಗೇ ಅನುಮಾನ ಬಂದಾಗ ಗ್ಲೋವ್‌ಬ್ ನೋಡಿ. 20 ದೇಶಗಳ ವೆಬ್ ಪುಟಗಳಿಂದ ಸೇರಿಸಿದ ಸುಮಾರು 190 ಕೋಟಿ ಪದ, ಮಾರ್ಕ್ ಡೇವಿಸ್ 2013ರಲ್ಲಿ ಬಿಟ್ಟದ್ದು. ಇಂಡಿಯಾಕ್ಕೂ ಒಂದು ಕಾಲಂ ಇದೆ. ನಾವು ತಪ್ಪು ಅಂತ ತಿದ್ದುವ ‘ಡಿಸ್ಕಸ್ ಅಬೌಟ್’, ‘ಕೋಪ್ ಅಪ್ ವಿತ್’ ಹಾಕಿ ನೋಡಿ, ಯಾವ ದೇಶದಲ್ಲಿ ಎಷ್ಟು ಅಂತ ಬರುತ್ತದೆ. ಪುಕ್ಕಟೆ ಅಕೌಂಟ್ ಸಾಕು, ಮಧ್ಯೆ ಮಧ್ಯೆ ದುಡ್ಡು ಕೊಡಿ ಅನ್ನುವ ಪುಟ ಬರುತ್ತದೆ, ಅಷ್ಟೇ. ನನ್ನ ಪ್ರಕಾರ ಇಷ್ಟು ಜನ ಬರೆಯುತ್ತಾರೆ ಅಂದರೆ ನಾವು ಕೆಂಪು ಪೆನ್ ಎತ್ತುವ ಮೊದಲು ಸ್ವಲ್ಪ ಯೋಚಿಸಬೇಕು.

ಚಾಕ್‌ಪೀಸ್:

@ಪದಹುಳ, ಕೊನೆಯ ಮಾತು ಒಪ್ಪುವುದಿಲ್ಲ. ಪರೀಕ್ಷೆ ಬರೆಯುವುದಕ್ಕೆ ನಾವು ‘ರೈಟ್ ಎಕ್ಸಾಮ್’ ಅನ್ನುವುದು ಬಿಡಿ, ಅದನ್ನು ಕೆನಡಾದವರೂ ಹೇಳುತ್ತಾರೆ. ಆದರೆ ‘ಡಿಸ್ಕಸ್ ಅಬೌಟ್’ ಅಂತ ಬರೆದರೆ ಪೇಪರ್ ತಿದ್ದುವವರು ಗ್ಲೋವ್‌ಬ್ ನೋಡಿ ಮಾರ್ಕ್ಸ್ ಕೊಡುತ್ತಾರಾ? ಮಾತಿನಲ್ಲಿ ಬಿಡೋಣ, ಪರೀಕ್ಷೆಗೆ ತಿದ್ದೋಣ.

ಬಯಲುಸೀಮೆ_ಮೇಷ್ಟ್ರು:

ಎಲ್ಲ ಓದಿದೆ. ಒಳ್ಳೆ ಸೈಟುಗಳೇ. ಆದರೆ ಇಂಗ್ಲಿಷ್ ಕಲಿಸುವವರ ಪ್ರಪಂಚದಲ್ಲಿ ‘ಬ್ಯಾಂಗಲೋರ್ ಪ್ರಾಜೆಕ್ಟ್’ ಅಂತ ಒಂದು ಹೆಸರಿದೆ, ನಮ್ಮೂರಿನದೇ, ಇಲ್ಲಿ ಒಬ್ಬರೂ ಎತ್ತಲಿಲ್ಲ. ಎನ್. ಎಸ್. ಪ್ರಭು ಅನ್ನುವವರು 1979ರಿಂದ 1984ರವರೆಗೆ ಬೆಂಗಳೂರು, ಮದ್ರಾಸ್ ಕಡೆಯ ಮಾಮೂಲಿ ಶಾಲೆಗಳಲ್ಲಿ ನಡೆಸಿದ್ದು, ಬೆಂಗಳೂರಿನ ರೀಜನಲ್ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷ್ ಜೊತೆ ಸೇರಿ. ಗ್ರಾಮರ್ ಪಟ್ಟಿ ಇಲ್ಲ, ಮಷೀನ್ ಇಲ್ಲ. ಬೋರ್ಡು, ಕಾಗದ. ರೈಲಿನ ವೇಳಾಪಟ್ಟಿ, ಊರಿನ ನಕ್ಷೆ ಕೊಟ್ಟು ಲೆಕ್ಕ ಹಾಕಿಸುವುದು. ಮೊದಲು ಮೇಷ್ಟ್ರು ಇಡೀ ಕ್ಲಾಸಿನ ಜೊತೆ ಒಂದು ಮಾಡಿ ತೋರಿಸುತ್ತಾರೆ, ಆಮೇಲೆ ಅಂಥದೇ ಇನ್ನೊಂದನ್ನು ಪ್ರತಿಯೊಬ್ಬರೂ ಒಬ್ಬೊಬ್ಬರೇ ಮಾಡಬೇಕು. ಗುಂಪು ಚಟುವಟಿಕೆ ಪ್ರಭು ಅವರಿಗೆ ಅಷ್ಟಾಗಿ ಹಿಡಿಸುತ್ತಿರಲಿಲ್ಲ, ಮಕ್ಕಳು ಒಬ್ಬರ ತಪ್ಪು ಇಂಗ್ಲಿಷನ್ನು ಇನ್ನೊಬ್ಬರು ಕಲಿಯುತ್ತಾರೆ ಅಂತ. ಈಗಿನ ತರಬೇತಿಗಳಲ್ಲಿ ಇದನ್ನು ಹೇಳಿದರೆ ನಮ್ಮನ್ನೇ ವಿಚಿತ್ರವಾಗಿ ನೋಡುತ್ತಾರೆ.

ನಿಮ್ಮ ಮಕ್ಕಳಿಗೆ ಇದು ಸರಿಹೊಂದುತ್ತದೆ ಅಂತ ನನಗೆ ಯಾಕೆ ಅನಿಸಿತು ಅಂದರೆ, ವೇಳಾಪಟ್ಟಿಯಲ್ಲಿ ಉತ್ತರ ಯಾವ ಸಾಲಿನಲ್ಲೂ ಇರುವುದಿಲ್ಲ. ‘ನೀನು ಹಾನಗಲ್‌ನಲ್ಲಿದ್ದೀಯ, 11 ಗಂಟೆಗೆ ಹುಬ್ಬಳ್ಳಿ ಆಸ್ಪತ್ರೆಯಲ್ಲಿ ಇರಬೇಕು, ಹಾವೇರಿಯಲ್ಲಿ ಬಸ್ ಬದಲಾಯಿಸಬೇಕು, ಎಷ್ಟು ಗಂಟೆಗೆ ಮನೆ ಬಿಡುತ್ತೀಯ, ಯಾಕೆ?’ ಇದನ್ನು ಇಂಗ್ಲಿಷಿನಲ್ಲಿ ಕೇಳಿ. ಇಳಿಸಲು ಸಾಲೇ ಇಲ್ಲ, ಓದಲೇಬೇಕು, ಕೂಡಿಸಿ ಕಳೆಯಲೇಬೇಕು.

ಹಾವೇರಿ_ಟೀಚರ್:

ಮೇಷ್ಟ್ರೇ, ಇದು ಸಿಕ್ಕಿತು ನೋಡಿ! ತುಂಗಾತೀರ ಸರ್ ಹೇಳಿದ ಕಾಲಂಗಳ ಪಕ್ಕ ಇದನ್ನೂ ಒಂದು ಕಾಲಂ ಮಾಡುತ್ತೇನೆ. ಬಸ್‌ಸ್ಟ್ಯಾಂಡ್ ಬೋರ್ಡಿನ ಫೋಟೊ ತೆಗೆದು ಇಂಗ್ಲಿಷಿನಲ್ಲಿ ಟೈಪ್ ಮಾಡಿಕೊಂಡರೆ ಟಿವಿಗೂ ಆಗುತ್ತದೆ, ಜೆರಾಕ್ಸ್‌ಗೂ ಆಗುತ್ತದೆ. ಆದರೆ ಪ್ರಭು ಅವರ ಪ್ರಯೋಗ ನಿಜಕ್ಕೂ ಫಲ ಕೊಟ್ಟಿತಾ? ಡಯಟ್‌ನಲ್ಲಿ ಕೇಳೇ ಕೇಳುತ್ತಾರೆ.

ತುಂಗಾತೀರ:

ಅದನ್ನು ಹೊರಗಿನವರು ಅಳೆದಿದ್ದಾರೆ. ಬೆರೆಟ್ಟಾ ಮತ್ತು ಡೇವಿಸ್, 1985, ಇಎಲ್‌ಟಿ ಜರ್ನಲ್. ಫಲಿತಾಂಶ ಒಟ್ಟಿನಲ್ಲಿ ಪ್ರಭು ಅವರ ಕಡೆಗೇ ವಾಲುತ್ತದೆ. ಆದರೆ ತರಗತಿಗಳನ್ನು ಹೋಲಿಸಿದ ರೀತಿಯಲ್ಲಿ ಇರುವ ತೊಡಕುಗಳನ್ನೂ ಅವರೇ ಬರೆದಿದ್ದಾರೆ, ಆ ಭಾಗ ಬಿಡದೆ ಓದಿ, ಡಯಟ್‌ನವರು ಕೇಳುವ ಪ್ರಶ್ನೆ ಅಲ್ಲಿಂದಲೇ ಬರುತ್ತದೆ. ಪ್ರಭು ಅವರ ಸ್ವಂತ ಪುಸ್ತಕ 1987ರದ್ದು, ಬಿ.ಎಡ್ ಕಾಲೇಜಿನ ಲೈಬ್ರರಿಯಲ್ಲಿ ವಿಚಾರಿಸಿ. ಜರ್ನಲ್ ಪೇಪರಿಗೆ ಮೊದಲು ‘ಆಲ್ ವರ್ಷನ್ಸ್’ ಒತ್ತಿ ನೋಡಿ, ಸಿಗಲಿಲ್ಲ ಅಂದರೆ ಇಲ್ಲೇ ಒಂದು ಸಾಲು ಹಾಕಿ.