ಬೇವಿನ ಗಿಡದ ಬೇರು: ಗ್ವಾಡಿ ಬಿರುಕು, ಗಟಾರ ಪೈಪ್ ಬ್ಲಾಕ್. ಗಿಡ ಕಡಿಬೇಕೋ ಬ್ಯಾಡೋ?

ಎರಿಭೂಮಿ_ಮನಿ

ನಮಸ್ಕಾರ್ರೀ. ಕಲಬುರಗಿ ರಿಂಗ್ ರೋಡಿನ ಆಚಿ ಲೇಔಟಿನಾಗ 40×60 ಸೈಟು, ಪೂರಾ ಕರಿ ಎರಿಮಣ್ಣು. ಮನಿ ಕಟ್ಟಿ 12 ವರ್ಷ ಆಗ್ಯದ. 4 ಫೂಟು ಆಳದ ಕಲ್ಲಿನ ಬುನಾದಿ, ಮ್ಯಾಲ ಇಟ್ಟಂಗಿ ಗ್ವಾಡಿ. ಹಿಂದಿನ ಗ್ವಾಡಿಯಿಂದ 10 ಫೂಟಿಗೆ ಬೇವಿನ ಗಿಡ ಅದ, ಬೊಡ್ಡಿ ಒಂದೂವರಿ ಫೂಟು ದಪ್ಪ.

ಈಗಿನ ತೊಂದರಿ: ಹಿಂದಿನ ಕೋಣಿ ಕಿಟಕಿ ಮೂಲಿಯಿಂದ ಮ್ಯಾಲಕ್ಕ ಓರೆಯಾಗಿ ಬಿರುಕು ಬಿಟ್ಟದ. ಮ್ಯಾಲ ಅಗಲ, ತಳಗ ಸಣ್ಣ. ಮೇ ತಿಂಗಳಾಗ 4 ಮಿ.ಮೀ. ಇತ್ತು, ಮಳಿಗಾಲ ಮುಗಿಯೋದ್ರಾಗ ಅರ್ಧಕ್ಕ ಇಳಿತದ. ಅದೇ ಬಾಜೂಕ ಹಾದು ಹೋಗೋ 4 ಇಂಚಿನ ಸುಟ್ಟ ಮಣ್ಣಿನ ಸ್ಟೋನ್‌ವೇರ್ ಗಟಾರ ಪೈಪು ಮ್ಯಾಲಿಂದ ಮ್ಯಾಲ ಕಟ್ಟಿಕೊಳ್ತದ, ರಾಡ್ ಹಾಕಿದ್ರ ಕೂದಲದಂಥ ಬೇರಿನ ಗೊಂಚಲು ಬರ್ತದ. ಅಂಗಳದ ಶಹಾಬಾದಿ ಫರ್ಸಿನೂ ಎದ್ದದ.

ಗೌಂಡಿ ಗಿಡ ಕಡಿಸ್ರಿ ಅಂತಾನ. ಇನ್ನೊಬ್ಬರು ಪೈಪಿನಾಗ ಆ್ಯಸಿಡ್ ಸುರೀರಿ ಅಂತಾರ. ತಿಳಿದವರು ಹೇಳ್ರಿ.

ಬುನಾದಿ_ಲೆಕ್ಕ

ಕೊಡಲಿ ಎತ್ತುವ ಮೊದಲು ಒಂದು ಪ್ರಶ್ನೆ: ಗಿಡ ಮೊದಲೋ, ಮನೆ ಮೊದಲೋ?

ಎರೆಮಣ್ಣಿನಲ್ಲಿ ಬೇರು ಬುನಾದಿಯನ್ನು ನೂಕಿ ಎತ್ತುವುದು ಅಪರೂಪ. ಬೇರು ನೀರು ಹೀರುತ್ತದೆ, ಮಣ್ಣು ಒಣಗಿ ಕುಗ್ಗುತ್ತದೆ, ಬುನಾದಿಯ ಆ ಮೂಲೆ ಕೆಳಗಿಳಿಯುತ್ತದೆ. ನೀವು ಹೇಳಿದ ಬಿರುಕು ಇದಕ್ಕೆ ಸರಿಯಾಗಿ ಹೊಂದುತ್ತದೆ: ಮೇಲೆ ಅಗಲ, ಬೇಸಿಗೆಯಲ್ಲಿ ತೆರೆದು ಮಳೆಗಾಲದಲ್ಲಿ ಮುಚ್ಚಿಕೊಳ್ಳುವುದು. ನಮ್ಮ ಎರೆಯಲ್ಲಿ ಋತುಮಾನಕ್ಕೆ ತಕ್ಕಂತೆ ಕುಗ್ಗಿ ಹಿಗ್ಗುವ ಪದರ ಸುಮಾರು 3.5 ಮೀಟರ್ ಆಳದವರೆಗೂ ಇರಬಹುದು. ಅದಕ್ಕೇ ಇಂಥ ಮಣ್ಣಿಗೆ ಅಂಡರ್-ರೀಮ್ಡ್ ಪೈಲ್ (ಬುಡದಲ್ಲಿ ಉಬ್ಬಿರುವ, ಆಳಕ್ಕೆ ಇಳಿಸುವ ಕಾಂಕ್ರೀಟ್ ಕಂಬ) ಹಾಕಲು ಹೇಳುವುದು. ನಿಮ್ಮ 4 ಫೂಟಿನ ಬುನಾದಿ ಈ ಅಲುಗಾಡುವ ಪದರದೊಳಗೇ ಕೂತಿದೆ.

ಮನೆ ಕಟ್ಟಿದ ಮೇಲೆ ಗಿಡ ಬೆಳೆದಿದ್ದರೆ, ಅದನ್ನು ತೆಗೆದಾಗ ಮಣ್ಣು ಹೆಚ್ಚುಕಡಿಮೆ ಮೊದಲಿನ ಮಟ್ಟಕ್ಕೆ ಬಂದು ನಿಲ್ಲುತ್ತದೆ, ಬಿರುಕು ಕೂಡಿಕೊಳ್ಳುವ ಸಾಧ್ಯತೆಯೇ ಹೆಚ್ಚು. ಗಿಡವೇ ಹಳೆಯದಾಗಿದ್ದರೆ ಕತೆ ಉಲ್ಟಾ. ಅದು ಆಗಲೇ ಒಣಗಿಸಿಟ್ಟ ಮಣ್ಣಿನ ಮೇಲೆ ನೀವು ಮನೆ ಕಟ್ಟಿದ್ದೀರಿ. ಕಡಿದರೆ ಆ ಮಣ್ಣು ನೀರು ಕುಡಿದು ಕಟ್ಟಿದ ದಿನದ ಮಟ್ಟಕ್ಕಿಂತ ಮೇಲಕ್ಕೆ ಉಬ್ಬುತ್ತದೆ. ಇದು ಒಂದೇ ಮಳೆಗಾಲದಲ್ಲಿ ಮುಗಿಯುವುದಿಲ್ಲ, ವರ್ಷಗಟ್ಟಲೆ ನಡೆಯುತ್ತದೆ. ಆಗ ಬಿರುಕು ಕೆಳಗೆ ಅಗಲವಾಗಿ ಬರುತ್ತದೆ, ಒಳಗಿನ ನೆಲ ಡುಬ್ಬ ಏಳುತ್ತದೆ, ಬಾಗಿಲು ಚೌಕಟ್ಟಿಗೆ ಸಿಕ್ಕಿಕೊಳ್ಳುತ್ತವೆ. ಕುಸಿತಕ್ಕಿಂತ ಉಬ್ಬನ್ನು ಸರಿಪಡಿಸುವುದು ಬಹಳ ಕಷ್ಟ.

ಎರಿಭೂಮಿ_ಮನಿ

ಗಿಡನೇ ಹಳೀದ್ರೀ. ಸೈಟ್ ತಗೊಂಡಾಗ ಹೊಲದ ಬದುವಿನ ಗಿಡ ಇತ್ತು, ಆಗಲೇ ದೊಡ್ಡದಿತ್ತು.

ಬುನಾದಿ_ಲೆಕ್ಕ

ಹಾಗಾದರೆ ಕಡಿಯಬೇಡಿ. ಬುನಾದಿ ಸುತ್ತಲಿನ ತೇವ ವರ್ಷವಿಡೀ ಹೆಚ್ಚು ಏರಿಳಿಯದಂತೆ ನೋಡಿಕೊಳ್ಳಿ, ಕೆಲಸ ಅಷ್ಟೇ.

ಮೊದಲು ಆ ಗಟಾರ ಪೈಪು. ಅದು ಸೋರುತ್ತಿದ್ದರೆ ಒಂದು ಕಡೆ ಮಣ್ಣು ಉಬ್ಬುತ್ತದೆ, ಗಿಡದ ಕಡೆ ಒಣಗಿ ಕುಗ್ಗುತ್ತದೆ, ನಡುವಿನ ಗೋಡೆ ಸೀಳುತ್ತದೆ. ಆಮೇಲೆ ಮನೆ ಸುತ್ತ 2 ಮೀಟರ್ ಅಗಲದ ಹೊದಿಕೆ. ಮೇಲಿನ ಒಂದು ಫೂಟು ಎರೆ ತೆಗೆದು 250 ಮೈಕ್ರಾನ್ ಪ್ಲಾಸ್ಟಿಕ್ ಹಾಳೆ ಹಾಸಿ. ಹಾಳೆಯ ಜೋಡಣೆ ಒಂದರ ಮೇಲೊಂದು ಒಂದು ಫೂಟು ಬರಲಿ, ಗೋಡೆಯ ಕಡೆ ಅಂಚನ್ನು ಪ್ಲಿಂತ್ (ನೆಲಮಟ್ಟದಿಂದ ಮೇಲೆ ಕಾಣುವ ಬುನಾದಿಯ ಭಾಗ) ಮೇಲೆ 4 ಇಂಚು ಏರಿಸಿ. ಅದರ ಮೇಲೆ ಮುರುಮ್ ಹಾಕಿ ಧಮ್ಮಸ ಮಾಡಿ ಫರ್ಸಿ ಕೂಡಿಸಿ, ಮನೆಯಿಂದ ಹೊರಕ್ಕೆ ಮೀಟರಿಗೆ 3 ಸೆಂ.ಮೀ. ಇಳಿಜಾರು ಕೊಡಿ. ಫರ್ಸಿ ಮತ್ತು ಗೋಡೆಯ ನಡುವೆ 12 ಮಿ.ಮೀ. ಸಂದು ಬಿಟ್ಟು ಅದರಲ್ಲಿ ಸೀಲಂಟ್ ತುಂಬಿ. ಗೌಂಡಿಗಳು ಅಲ್ಲಿ ಸಿಮೆಂಟ್ ತುಂಬುತ್ತಾರೆ, ಮೊದಲ ಬೇಸಿಗೆಗೇ ಅದು ಸೀಳಿ ಮಳೆನೀರು ನೇರ ಬುನಾದಿಗೆ ಇಳಿಯುತ್ತದೆ. ಹಿಂಭಾಗದಲ್ಲಿ ಹೊದಿಕೆ ಗಿಡದ ಬುಡದ ಹತ್ತಿರಕ್ಕೇ ಬರುತ್ತದೆ. ಬೊಡ್ಡೆಯ ಸುತ್ತ ಕನಿಷ್ಠ 2 ಫೂಟು ಬಯಲು ಬಿಡಿ.

ನೆರಳಿನ_ಗಿಡ (ಯಾದಗಿರಿ)

ಗಿಡಕ್ಕ ನೀರು ಎಲ್ಲಿ ಸಿಗ್ತದೋ ಬೇರು ಅಲ್ಲೇ ಹೆಚ್ಚು ಕವಲೊಡಿತದ. ಅದಕ್ಕ ಮನಿಯಿಂದ ದೂರದ ಮಗ್ಗಲಿಗೆ, ಟೊಂಗಿಗಳ ಅಂಚಿನ ತಳಗ, ಒಂದು ಫೂಟು ಅಗಲ 3 ಫೂಟು ಆಳದ ನಾಲ್ಕೈದು ಗುಂಡಿ ತೋಡಿ ಖಡಿ ತುಂಬ್ರಿ. ಫೆಬ್ರುವರಿಯಿಂದ ಜೂನ್ ಮಳಿ ಹಿಡಿಯೋ ತನಕ ಹತ್ತು ಹನ್ನೆರಡು ದಿನಕ್ಕೊಮ್ಮೆ ಗುಂಡಿ ತುಂಬ ನೀರು ಬಿಡ್ರಿ. ಬೊಡ್ಡಿಗಿ ನೀರು ಹಾಕಬ್ಯಾಡ್ರಿ.

ಟೊಂಗಿನೂ ಹಗುರ ಮಾಡಬಹುದು, ಆದ್ರ ಒಮ್ಮಿಗೇ ಕಾಲುಭಾಗಕ್ಕಿಂತ ಹೆಚ್ಚು ತೆಗೀಬ್ಯಾಡ್ರಿ. ಎರಡು ಮೂರು ವರ್ಷಕ್ಕೊಮ್ಮಿ ಮುಂದುವರಿಸಿದ್ರ ಮಾತ್ರ ನೀರಿನ ಬಳಕಿ ಇಳೀತದ. ಒಮ್ಮಿ ಬೋಳಿಸಿ ಬಿಟ್ರ ಚಿಗುರು ಇಮ್ಮಡಿ ಬರ್ತದ. ದೊಡ್ಡ ಟೊಂಗಿ, ದೊಡ್ಡ ಬೇರಿಗಿ ಕೈ ಹಾಕೋ ಮುಂಚೆ ಅರಣ್ಯ ಇಲಾಖೆ ವೃಕ್ಷ ಅಧಿಕಾರಿಗಳಿಗಿ ಅರ್ಜಿ ಕೊಡ್ರಿ. 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಖಾಸಗಿ ಜಾಗದ ಗಿಡಕ್ಕೂ ಅನ್ವಯ ಆಗ್ತದ.

ಗಟಾರ_ಪೈಪ್ (ಶಹಾಬಾದ್)

ಪೈಪಿನ ಮಾತು ನಾ ಹೇಳ್ತೀನಿ. ಗಟ್ಟಿ ಪೈಪನ್ನ ಬೇರು ಒಡೆಯಂಗಿಲ್ರೀ. ಸ್ಟೋನ್‌ವೇರ್ ಪೈಪಿನ ಸಿಮೆಂಟ್ ಜಾಯಿಂಟು ಎರಿ ಅಲುಗಾಡಿದಾಗ ಬಿರಿತದ, ಅಲ್ಲಿಂದ ತೇವ ಹೊರಗ ಬರ್ತದ, ಕೂದಲ ಎಳಿಯಷ್ಟು ಸಣ್ಣ ಬೇರು ಆ ತೇವ ಹುಡುಕ್ಕೊಂಡು ಒಳಗ ಹೋಗ್ತದ. ಒಳಗ ಹೋದ ಮ್ಯಾಲ ನೀರು, ಗೊಬ್ಬರ ಎರಡೂ ಸಿಕ್ಕು ಗೊಂಚಲಾಗಿ ಬೆಳೀತದ.

ಆ್ಯಸಿಡ್ ಬ್ಯಾಡೇ ಬ್ಯಾಡ. ಅದು ಸಿಮೆಂಟ್ ಜಾಯಿಂಟನ್ನೇ ತಿಂತದ, ಸಂದು ಇನ್ನೂ ದೊಡ್ಡದಾಗ್ತದ. ಮೈಲುತುತ್ತ ಹಾಕಿದ್ರ ಪೈಪಿನೊಳಗಿನ ಬೇರು ಸಾಯ್ತದ ಖರೆ, ಆದ್ರ ಸತ್ತ ಗೊಂಚಲು ಅಲ್ಲೇ ಕೂತು ಕಸ ಹಿಡೀತದ, ಸಂದು ಹಂಗೇ ಉಳೀತದ, ತಿರುಗಿ ಬೇರು ಬರ್ತದ. ಸೆಪ್ಟಿಕ್ ಟ್ಯಾಂಕ್ ಇದ್ದವರು ಹಾಕಿದ್ರ ಟ್ಯಾಂಕಿನ ಬ್ಯಾಕ್ಟೀರಿಯಾನೂ ಸಾಯ್ತಾವ.

ಮೊದಲ ಪರೀಕ್ಷೆ ಮಾಡ್ರಿ. ತಳಗಿನ ಚೇಂಬರಿನಾಗ ಪೈಪಿಗಿ ರಬ್ಬರ್ ಪ್ಲಗ್ ಹಾಕಿ, ಮ್ಯಾಲಿನ ಚೇಂಬರಿನಾಗ ಪೈಪಿಗಿಂತ ಒಂದೂವರಿ ಫೂಟು ಮ್ಯಾಲ ನೀರು ನಿಲ್ಲಿಸಿ ಗುರುತು ಹಾಕ್ರಿ. ಅರ್ಧ ತಾಸು ಬಿಟ್ಟು ನೋಡ್ರಿ. ಗುರುತು ಎದ್ದು ಕಾಣೋ ಹಂಗ ಇಳಿದ್ರ ಪೈಪ್ ಬದಲಿ ಮಾಡೋದೇ ಸರಿ, ತೇಪಿ ಹಚ್ಚೋದು ನಿಲ್ಲಂಗಿಲ್ಲ. ಚೇಂಬರ್ ಇಟ್ಟಂಗಿದಿದ್ರ ಅದೂ ಸೋರಿರಬಹುದು, ಅದನ್ನ ಬ್ಯಾರೆ ನೋಡ್ರಿ.

ಹೊಸ ಪೈಪು ನೆಲದೊಳಗಿನ ಗಟಾರಕ್ಕಂತ ಮಾಡಿದ್ದು ತರ್ರಿ, ಪೈಪಿನ ಮ್ಯಾಲ ಐಎಸ್ 15328 ಅಂತ ಬರೆದಿರ್ತದ, ಎಸ್‌ಎನ್ 8 ದರ್ಜೆ (ಪೈಪಿನ ಬಿಗಿತನದ ಅಳತಿ), 110 ಮಿ.ಮೀ. ಅಂಗಡ್ಯಾಗ ಮನಿ ಗ್ವಾಡಿಗಿ ಹಾಕೋ ತೆಳು ಎಸ್‌ಡಬ್ಲ್ಯೂಆರ್ ಪೈಪ್ ಕೊಟ್ರ ತಗೋಬ್ಯಾಡ್ರಿ. ಜಾಯಿಂಟು ರಬ್ಬರ್ ರಿಂಗಿಂದಿರ್ಲಿ. ಸೊಲ್ಯೂಷನ್ ಹಚ್ಚಿದ್ದು ಎರಿಯೊಳಗ ಬಾಗಂಗಿಲ್ಲ, ಸೀಳ್ತದ. ರಿಂಗಿಗಿ ಸಾಬೂನು ನೀರು ಹಚ್ರಿ, ಗ್ರೀಸ್ ಬ್ಯಾಡ. ಪೈಪ್ ಪೂರಾ ಒಳಗ ಹೊಡೀಬ್ಯಾಡ್ರಿ, ತುದಿ ಮುಟ್ಟಿಸಿ 10 ಮಿ.ಮೀ. ಹಿಂದಕ್ಕ ಎಳೀರಿ, ಹಿಗ್ಗಲಿಕ್ಕ ಜಾಗ ಬೇಕು. ಚೇಂಬರಿನಿಂದ ಹೊರಬರೋ ಮೊದಲ ತುಂಡು 2 ಫೂಟಿಂದೇ ಇರ್ಲಿ, ಆಮ್ಯಾಲ ಉದ್ದ ಪೈಪು. ಚೇಂಬರ್ ಕೂತಲ್ಲೇ ಕೂತು ಮಣ್ಣು ಮಾತ್ರ ಎದ್ದಾಗ ಆ ಸಣ್ಣ ತುಂಡು ಎರಡೂ ಜಾಯಿಂಟಿನಾಗ ಹೊರಳಿ ಪೈಪ್ ಉಳಿಸ್ತದ. ಇಳಿಜಾರು 60 ಫೂಟಿಗಿ 1 ಫೂಟು.

ಪೈಪಿನ ತಳಗ 4 ಇಂಚು, ಮ್ಯಾಲ 6 ಇಂಚು ಸಣ್ಣ ಮುರುಮ್ ಹಾಕಿ ಕುಟ್ರಿ. ಸಡಿಲ ಬಿಟ್ರ ಬೇರು ಆ ಸಡಿಲ ಹಾದೀನೇ ಹಿಡ್ಕೊಂಡು ಹೋಗ್ತದ. ರಸ್ತೆ ಮೇನ್‌ಹೋಲ್ ತನಕ ಬ್ಲಾಕ್ ಇದ್ರ ಪಾಲಿಕೆ ಜೆಟ್ಟಿಂಗ್ ಗಾಡಿ (ಜೋರು ನೀರು ಬಿಟ್ಟು ಪೈಪ್ ತೊಳಿಯೋದು) ಕರೀರಿ. ಒಳಗ ಮನುಷ್ಯನ್ನ ಇಳಿಸಬ್ಯಾಡ್ರಿ, ರಕ್ಷಣಾ ಸಲಕರಣಿ ಇಲ್ದೆ ಇಳಿಸೋದು 2013ರ ಕಾಯ್ದೆ ಪ್ರಕಾರ ಅಪರಾಧ, ಅಲ್ಲಿನ ಗ್ಯಾಸಿಗಿ ಜೀವ ಹೋಗ್ತಾವ.

ಎರಿಭೂಮಿ_ಮನಿ

ಭಾಳ ಉಪಕಾರ ಆತ್ರಿ. ಬೇರು ತಡಿಯೋ ಪ್ಲಾಸ್ಟಿಕ್ ಹಾಳಿ 2 ಫೂಟು ಆಳಕ್ಕ ಇಳಿಸಿದ್ರ ಗ್ವಾಡಿನೂ ಉಳೀತದೇನು?

ಬುನಾದಿ_ಲೆಕ್ಕ

ಗೋಡೆ ಉಳಿಯುವುದಿಲ್ಲ. 2–3 ಫೂಟಿನ ತಡೆಹಾಳೆ ಫರ್ಸಿ ಏಳುವುದನ್ನು, ಪೈಪಿನ ಕಡೆ ಮೇಲ್ಪದರದ ಬೇರು ನುಗ್ಗುವುದನ್ನು ತಡೆಯುತ್ತದೆ. ಬುನಾದಿಯ ಕೆಳಗಿನ ಮಣ್ಣು ಒಣಗುವುದನ್ನು ತಡೆಯದು, ಬೇರು ಹಾಳೆಯ ಅಡಿಯಿಂದ ದಾಟುತ್ತದೆ. ಫರ್ಸಿಗಾಗಿ ಹಾಕುವುದಾದರೆ ಹಾಕಿ.

ನೆರಳಿನ_ಗಿಡ (ಯಾದಗಿರಿ)

ಹಾಕೋದಿದ್ರ ಬೊಡ್ಡಿಯ ದಪ್ಪದ ಐದು ಪಟ್ಟು ದೂರ ಬಿಡ್ರಿ. ನಿಮ್ಮದಕ್ಕ ಏಳೂವರಿ ಫೂಟು. ಮೂರು ಪಟ್ಟಿಗಿಂತ ಹತ್ರ ಕಡಿದ್ರ ಗಿಡದ ಹಿಡಿತ ಹೋಗಿ ಏಪ್ರಿಲ್-ಮೇ ಗಾಳಿಮಳಿಗಿ ಬೀಳ್ತದ, ಅದೂ ಮನಿ ಬಿಟ್ಟು ಬ್ಯಾರೆ ಕಡಿ ಬೀಳ್ತದ ಅಂತ ಗ್ಯಾರಂಟಿ ಇಲ್ಲ. ಒಂದೇ ಮಗ್ಗಲಿಗಿ ಕಡೀರಿ, ಕೆಲಸ ನವೆಂಬರ್-ಡಿಸೆಂಬರಿನಾಗ ಇಟ್ಕೋರಿ. ಆಗ ಮಣ್ಣಿನಾಗ ತೇವ ಇರ್ತದ, ಗಾಳಿ ಇರಂಗಿಲ್ಲ.

ಜೆಸಿಬಿ ತರಬ್ಯಾಡ್ರಿ. ಬಕೆಟ್ ಬೇರನ್ನ ಕಡಿಯಂಗಿಲ್ಲ, ಬೊಡ್ಡಿ ತನಕ ಸೀಳಿ ಎಳೀತದ, ಆ ಸೀಳಿನಾಗ ಕೊಳೆ ಹತ್ತತದ. ಕೈಲೆ ಅಗೆದು ಕರಗಸದಿಂದ ನೇರ ಕೊಯ್ರಿ. 2 ಇಂಚಿಗಿಂತ ದಪ್ಪ ಬೇರು ಬಂದ್ರ ಅದನ್ನ ಉಳಿಸಿ ಹಾಳಿಗಿ ತೂತು ಮಾಡಿ ದಾಟಿಸ್ರಿ. ತಗ್ಗು ಅದೇ ದಿನ ಮುಚ್ಚಬೇಕು, ಅಲ್ಲಿತನಕ ಬೇರಿನ ಮ್ಯಾಲ ಹಸಿ ಗೋಣಿತಾಟು. ಹಾಳಿ 1 ಮಿ.ಮೀ. ದಪ್ಪದ ಗಟ್ಟಿ ಪ್ಲಾಸ್ಟಿಕ್ಕಿನ ಎಚ್‌ಡಿಪಿಇ ಸಾಕು, ಮ್ಯಾಲಿನ ಅಂಚು ನೆಲಕ್ಕಿಂತ ಒಂದಿಂಚು ಮ್ಯಾಲ ಇರ್ಲಿ. ಮಣ್ಣೊಳಗ ಮುಚ್ಚಿದ್ರ ಬೇರು ಮ್ಯಾಲಿಂದ ಹತ್ತಿ ದಾಟ್ತದ.

ಬೀದರ್_ಗಚ್ಚು

ಬೀದರಿನವರು ಇದನ್ನೆಲ್ಲಾ ಹಂಗೇ ಪಾಲಿಸಬ್ಯಾಡ್ರಿ. ನಮ್ಮ ಕೆಂಪು ಜಂಬಿಟ್ಟಿಗಿ ನೆಲ ಎರಿಯಂಗ ಕುಗ್ಗಿ ಹಿಗ್ಗಂಗಿಲ್ಲ. ನಮ್ಮಲ್ಲಿ ಕಾಟ ಗ್ವಾಡಿ ಸಂದಿನಾಗ ಹುಟ್ಟೋ ಅರಳಿ, ಬಸರಿದು. ಹಕ್ಕಿ ಹಿಕ್ಕಿಯೊಳಗಿನ ಬೀಜ ಪ್ಯಾರಾಪೆಟ್ ಮ್ಯಾಲ ಮೊಳೀತದ. ಬೆರಳು ದಪ್ಪ ಆಗೋದ್ರೊಳಗ ಬೇರು ಸಮೇತ ಕಿತ್ರಿ. ದಪ್ಪ ಆದದ್ದನ್ನ ಜಗ್ಗಿದ್ರ ಕಲ್ಲೇ ಕಿತ್ತು ಬರ್ತದ, ಮ್ಯಾಲಷ್ಟೇ ಕಡಿದ್ರ ತಿರುಗಿ ಚಿಗೀತದ. ಲೈಸೆನ್ಸ್ ಇರೋ ಪೆಸ್ಟ್ ಕಂಟ್ರೋಲ್‌ನವರ ಕೈಲೆ ಹಸಿ ಕೊಯ್ತಕ್ಕ ಕಳೆನಾಶಕ ಹಚ್ಚಿಸಿ, ಪೂರಾ ಒಣಗಿದ ಮ್ಯಾಲ ತೆಗೆದು, ಸಂದಿಗಿ ಸುಣ್ಣದ ಗಾರಿ ತುಂಬ್ರಿ. ಸಿಮೆಂಟ್ ತುಂಬಿದ್ರ ನೀರು ಒಳಗ ಸಿಕ್ಕೊಂಡು ಜಂಬಿಟ್ಟಿಗಿ ಉದುರ್ತದ. ನೌಬಾದ್ ಕಡಿ ಹಳೇ ಕಾರೇಜ್ (ನೆಲದಡಿ ನೀರು ಹರಿಸೋ) ಸುರಂಗದ ಸಾಲಿನ ಮ್ಯಾಲ ಅರಳಿ, ಆಲ ಹಚ್ಚಬ್ಯಾಡ್ರಿ.

ಎರಿಭೂಮಿ_ಮನಿ

ಬಿರುಕು ಯಾವಾಗ ತುಂಬ್ಲಿ?

ಬುನಾದಿ_ಲೆಕ್ಕ

ಈಗ ಬೇಡ. ಬಿರುಕಿನ ಎರಡೂ ಕಡೆ ಒಂದೊಂದು ಸ್ಟೀಲ್ ಸ್ಕ್ರೂ ಕೂಡಿಸಿ, ನಡುವಿನ ಅಂತರವನ್ನು ವರ್ನಿಯರ್ ಕ್ಯಾಲಿಪರ್‌ನಲ್ಲಿ ತಿಂಗಳಿಗೊಮ್ಮೆ ಅಳೆದು ಬರೆದಿಡಿ. ಪೈಪು, ಹೊದಿಕೆ ಎರಡೂ ಮುಗಿದ ಮೇಲೆ ಒಂದು ಪೂರ್ತಿ ವರ್ಷದ ಲೆಕ್ಕ ಬೇಕು. ಮೇ ಮತ್ತು ಸೆಪ್ಟೆಂಬರ್ ಅಳತೆಯ ವ್ಯತ್ಯಾಸ 1 ಮಿ.ಮೀ. ಒಳಗೆ ಬಂದರೆ ಪಾಲಿಯುರೆಥೇನ್ ಸೀಲಂಟ್ ತುಂಬಿ, ಮೇಲೆ ಜಾಳಿಗೆ ಹಚ್ಚಿ ಪ್ಲಾಸ್ಟರ್ ಮಾಡಿ. ಬಿರುಕು ಅಗಲವಾಗಿರುವ ಮೇ ತಿಂಗಳಲ್ಲಿ ಸಿಮೆಂಟ್ ತುಂಬಬೇಡಿ, ಮಳೆಗಾಲದಲ್ಲಿ ಅದು ಮುಚ್ಚಿಕೊಳ್ಳಲು ಜಾಗವಿಲ್ಲದೆ ಪಕ್ಕದಲ್ಲಿ ಇನ್ನೊಂದು ಬಿರುಕು ಏಳುತ್ತದೆ. ಅಗಲ 5 ಮಿ.ಮೀ. ದಾಟಿದರೆ, ಅಥವಾ ಮಳೆಗಾಲದಲ್ಲೂ ಬೆಳೆಯುತ್ತಿದ್ದರೆ, ವರ್ಷ ಕಾಯದೆ ಸ್ಟ್ರಕ್ಚರಲ್ ಇಂಜಿನಿಯರ್ ಒಬ್ಬರನ್ನು ಕರೆಸಿ ಬುನಾದಿ ಪಕ್ಕ ಗುಂಡಿ ತೆಗೆಸಿ ನೋಡಿಸಿ.