ಚರ್ಚೆ: ಪುಟಾಣಿಗಳ ಚಿತ್ರಪುಸ್ತಕದಲ್ಲಿ ‘ಅಮ್ಮ’ನೋ, ಅಬ್ಬೆ-ಅಪ್ಪೆ-ಉಮ್ಮನೋ?

ಪಯಸ್ವಿನಿ: ಕಾಸರಗೋಡಿನ ಅಂಗನವಾಡಿ ಮಕ್ಕಳಿಗೆಂದು, 3ರಿಂದ 6 ವರ್ಷದವರಿಗೆ, 24 ಪುಟದ ಚಿತ್ರಪುಸ್ತಕ ತಯಾರಾಗುತ್ತಿದೆ. ತುಳುವರ ಮಳೆಗಾಲದ ತಿಂಗಳಾದ ಆಟಿಯ ಒಂದು ಬೆಳಗ್ಗೆ, ಮೂರು ಮನೆ: ಹವ್ಯಕ, ತುಳು, ಮತ್ತು ಕರಾವಳಿ ಮುಸ್ಲಿಮರಾದ ಬ್ಯಾರಿ. ತಾಯಿಯನ್ನು ಆಯಾ ಮನೆಯ ಮಗು ಕರೆಯುವ ಹಾಗೆಯೇ ಕ್ರಮವಾಗಿ ಅಬ್ಬೆ, ಅಪ್ಪೆ, ಉಮ್ಮ ಎಂದು ಬರೆಯುವುದೋ, ಎಲ್ಲ ಕಡೆ ‘ಅಮ್ಮ’ ಎನ್ನುವುದೋ?

ಗಡಿಕನ್ನಡ: ‘ಅಮ್ಮ’ ಎಂದೇ ಇಡಿ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಇಲ್ಲಿನ ಮಗುವಿನ ಕಣ್ಣಿಗೆ ಕನ್ನಡ ಅಕ್ಷರ ಬೀಳುವುದೇ ಕಡಿಮೆ. ಸಿಕ್ಕಿದ 24 ಪುಟದಲ್ಲೂ ನುಡಿ ಬೆರೆಸಿದರೆ ಹೇಗೆ?

ಅಡಿಕೆತೋಟ: ನಿರೂಪಣೆ ಪೂರ್ತಿ ಕನ್ನಡದಲ್ಲೇ ಇರಲಿ, ಮಗು ಕೂಗುವ ಆ ಒಂದು ಪದ ಮಾತ್ರ ಮನೆಯದಾಗಲಿ. ‘ಅಬ್ಬೇ’ ಎನ್ನುವ ಮಗುವಿನ ಬಾಯಿಗೆ ‘ಅಮ್ಮಾ’ ತುರುಕಿದರೆ ಪುಸ್ತಕ ಅವರ ಮನೆಯದ್ದಾಗುವುದಿಲ್ಲ. ತುಳು ಪುಟದಲ್ಲಿ ಹೆಚ್ಚು ಜಾಗ್ರತೆ ಬೇಕು: ಅಲ್ಲಿ ಅಪ್ಪೆ ಎಂದರೆ ತಾಯಿ, ಅಮ್ಮೆ ಎಂದರೆ ತಂದೆ. ಕನ್ನಡಕ್ಕೆ ಪೂರಾ ತಿರುವುಮುರುವು. ಹಾಗಾಗಿ ಮಗು ಕೈಚಾಚಿದ ಕಡೆ ತಾಯಿ ಒಬ್ಬಳೇ ಇರಲಿ. ಇಬ್ಬರನ್ನೂ ಬರೆದರೆ ಓದಿ ಹೇಳುವ ಟೀಚರೇ ಎಡವುತ್ತಾರೆ.

ಗಡಿಕನ್ನಡ: ಈಗ ಎಷ್ಟೋ ತುಳು ಮನೆಗಳಲ್ಲಿ ‘ಅಮ್ಮ’ ಎಂದೇ ಕರೆಯುತ್ತಾರಲ್ಲ?

ಅಡಿಕೆತೋಟ: ಹೌದು. ಅದಕ್ಕೇ ಊರಲ್ಲಿ ಕೇಳಿ ಬರೆಯಬೇಕು, ನಿಘಂಟು ನೋಡಿ ಅಲ್ಲ.

ಮೊಳೆಜೋಡಣೆ: ಒತ್ತಕ್ಷರ ಮರೆಯಬೇಡಿ ಮಾರಾಯ್ರೇ. ಅಮ್ಮ, ಅಪ್ಪ, ಅಜ್ಜಿ, ಅಕ್ಕ, ಅಣ್ಣ, ಅತ್ತೆ, ಅಬ್ಬೆ, ಉಮ್ಮ: ನಂಟಿನ ಪದಗಳೆಲ್ಲ ಹೆಚ್ಚುಕಡಿಮೆ ಒತ್ತಿನವೇ. 22 ಪಾಯಿಂಟಿನ ಅಕ್ಷರಕ್ಕೆ ಸಾಲಿನ ಅಂತರ 36 ಪಾಯಿಂಟ್ ಆದರೂ ಕೊಡಿ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಗುಡಿಸಿಗೆ ತಾಗುತ್ತದೆ. ಪುಟಕ್ಕೆ ಎರಡೇ ಸಾಲು ಸಾಕು. ಅಕ್ಷರಕ್ಕೆ ಗೋಡೆಯೋ ಮೋಡವೋ, ಖಾಲಿ ಜಾಗವನ್ನು ಚಿತ್ರಕಾರರು ಸ್ಕೆಚ್ಚಿನಲ್ಲೇ ಬಿಡಬೇಕು. ಅಡಿಕೆ ಸೋಗೆಯ ಮೇಲೆ ಅಚ್ಚಾದ ಒತ್ತು ಎಲೆಯೊಳಗೇ ಕರಗುತ್ತದೆ. ಎರಡು ಪುಟಕ್ಕೆ ಹರಡಿದ ಚಿತ್ರದಲ್ಲಿ ಯಾರ ಮುಖವೂ ನಡುಮಡಿಕೆಗೆ ಬರಬಾರದು. ಪಿನ್ ಹೊಡೆಯುವ ಪುಸ್ತಕಕ್ಕೆ ಪುಟಗಳು ನಾಲ್ಕರ ಲೆಕ್ಕದಲ್ಲೇ ಇರಬೇಕು. 24 ಸರಿ, ‘ಇನ್ನೆರಡು ಪುಟ’ ಎಂದು ಆಮೇಲೆ ಕೇಳಬೇಡಿ.

ಮುರಕಲ್ಲು: ಚಿತ್ರಗಳ ಮಾತು ಬಂದದ್ದು ಒಳ್ಳೆಯದಾಯಿತು. ಹವ್ಯಕ ಮನೆಯ ಹಿಂದೆ ಸುರಂಗ ತೋರಿಸುವುದಾದರೆ ರಾಟೆ, ಹಗ್ಗ, ಕೊಡಪಾನ ಬರೆಯಬೇಡಿ. ಅದು ಬಾವಿಯಲ್ಲ. ಗುಡ್ಡದ ಮುರಕಲ್ಲಿನೊಳಗೆ, ಅಂದರೆ ಕೆಂಪುಕಲ್ಲಿನೊಳಗೆ, ಅಡ್ಡಕ್ಕೆ ಕೊರೆದ, ಒಬ್ಬರು ಮಾತ್ರ ನುಸುಳುವಷ್ಟು ಅಗಲದ ದಾರಿ. ಒಸರಿದ ನೀರು ಇಳಿಜಾರಿಗೆ ತಾನೇ ಹರಿದು ಹೊರಗಿನ ಕೆರೆಗೋ ತೊಟ್ಟಿಗೋ ಬೀಳುತ್ತದೆ. ನೀರು ಹರಿಸಲು ಇಟ್ಟ ಅಡಿಕೆ ಮರದ ದಂಬೆಯಿಂದ ನೀರು ಬೀಳುವ ಜಾಗದಲ್ಲಿ ಮಗುವನ್ನು ನಿಲ್ಲಿಸಿ, ಚಿತ್ರವೇ ಮಾತಾಡುತ್ತದೆ.

ಚಿತ್ರಗಳ ಬಗ್ಗೆಯೇ ಇನ್ನೊಂದು ಮಾತು. ತೆಯ್ಯಂ, ಯಕ್ಷಗಾನ ಎರಡನ್ನೂ ಬಿಡಿ. ಆಟಿಯಲ್ಲಿ ದೈವಸ್ಥಾನಗಳ ತೆಯ್ಯಂ ಸಾಮಾನ್ಯವಾಗಿ ಇರುವುದಿಲ್ಲ, ಬಯಲಾಟದ ಮೇಳಗಳೂ ಮೇ ಕೊನೆಗೆ ಬರುವ ಪತ್ತನಾಜೆಗೇ ಗೆಜ್ಜೆ ಬಿಚ್ಚಿರುತ್ತವೆ. ಆಟಿಗೆ ಕೆಸುವಿನೆಲೆಯ ಪತ್ರೊಡೆ ಇದೆ, ಜಗಲಿಯಲ್ಲಿ ಒಣಗದ ಬಟ್ಟೆ ಇದೆ, ಮೂಲೆಯಲ್ಲಿ ಸೋರುವ ಕೊಡೆ ಇದೆ. ಮಗು ತನ್ನ ಮನೆಯನ್ನು ಗುರುತಿಸುವುದು ಇವುಗಳಿಂದ.

ಗಡಿಕನ್ನಡ: ಒಂದು ಪದದ ಮಟ್ಟಿಗೆ ಒಪ್ಪಿದೆ. ಆದರೆ ಕಂಸ ಹಾಕಿ ಪಕ್ಕದಲ್ಲೇ ಅರ್ಥ ಬರೆಯಬೇಡಿ, ಓದುವ ಲಯ ಮುರಿಯುತ್ತದೆ. ಹಿಂಬದಿಯ ರಕ್ಷಾಪುಟದ ಒಳಗೆ ಮೂವರು ತಾಯಂದಿರ ಮುಖ, ಕೆಳಗೆ ಅವರವರ ಕರೆ, ಪಕ್ಕದಲ್ಲಿ ‘ಅಮ್ಮ’ ಇರಲಿ. ತುಂಬು ಕುಟುಂಬವಿಲ್ಲದ, ಅಜ್ಜಿಯ ಜೊತೆ ಇರುವ ಮಗುವಿಗೆ?

ಪಯಸ್ವಿನಿ: ಬ್ಯಾರಿ ಮನೆಯಲ್ಲಿ ಕೊಡೆ ಹಿಡಿದು ಕಳಿಸುವವರು ಅಜ್ಜಿಯೇ ಆಗಲಿ, ಉಮ್ಮ ಫೋನಿನಲ್ಲಿ. ಆ ಮನೆಯಲ್ಲಿ ಅಜ್ಜಿಯನ್ನು ಏನೆಂದು ಕರೆಯುತ್ತಾರೆ ಎಂದು ಬ್ಯಾರಿ ಮಾತಾಡುವವರು ಇಲ್ಲೇ ಬರೆಯಿರಿ. ಸ್ಕೆಚ್ಚು ಅಲ್ಲಿಯವರೆಗೆ ಪೆನ್ಸಿಲಿನಲ್ಲೇ ಇರುತ್ತದೆ.