ಮೊಟ್ಟೆ ಇದೆಯೋ ಇಲ್ಲವೋ, ಅಷ್ಟು ಹೇಳಲಿ

ವಾಟ್ಸಾಪ್ ಗುಂಪು: ಕ್ಯಾತ್ಸಂದ್ರ ಮನೆಯವರು

ಭಾವ: [ಬಿಲ್ಲಿನ ಫೋಟೊ]
ಇದನ್ನು ನೋಡಿ. ತುಮಕೂರಲ್ಲಿ ಹೊಸದಾಗಿ ಆಗಿದೆಯಲ್ಲ, ಆ ಬೇಕರಿ-ರೆಸ್ಟೋರೆಂಟ್. ನಿನ್ನೆ ಅಜ್ಜಿಯೂ ಸೇರಿ ನಾಲ್ಕು ಜನ ಹೋಗಿದ್ದೆವು. ಒಟ್ಟು 2,310 ರೂಪಾಯಿ. ಪಾಸ್ತಾ ಬರುವುದಕ್ಕೆ ಮುಕ್ಕಾಲು ಗಂಟೆ, ಬಂದಾಗ ತಣ್ಣಗಿತ್ತು. ಗೂಗಲ್‌ನಲ್ಲಿ ಒಂದು ಸ್ಟಾರ್ ಹಾಕುತ್ತಿದ್ದೇನೆ. ಎಲ್ಲರೂ ಹಾಕಿ.

ಚಿಕ್ಕಮ್ಮ: ಹೋಗದೇ ಇರುವವರು ಯಾಕೆ ಹಾಕಬೇಕು? ನಾನು ಹೋಗಿದ್ದು ವಾರದ ದಿನ ಬೆಳಿಗ್ಗೆ. ನಾಲ್ಕೈದು ಟೇಬಲ್ಲಿನ ಜಾಗ, ಒಲೆ ಮುಂದೆ ಇಬ್ಬರೇ. ಆದರೂ ಓನರ್ ಹೆಣ್ಣುಮಗಳು ತಾನೇ ಬಂದು ಮಾತಾಡಿಸಿದಳು. ಬಾದಾಮಿ ಕ್ರೋಸಾಂಟ್ ಅಂತ ಬೆಣ್ಣೆ ಬನ್ನು, ಮುರಿದರೆ ಪದರ ಪದರವಾಗಿ ಉದುರುತ್ತಿತ್ತು. ಬೆಂಗಳೂರಲ್ಲೂ ಅಂಥದ್ದು ತಿಂದಿಲ್ಲ.

ದೊಡ್ಡಮ್ಮ: ನನಗಂತೂ ಹಿಡಿಸಲಿಲ್ಲಮ್ಮ. ಆ ಬ್ರೆಡ್ಡು ಹುಳಿ, ಮೇಲೆ ಸೀದು ಕಪ್ಪಾಗಿತ್ತು. ಅದಕ್ಕೆ ಕೊಟ್ಟ ದುಡ್ಡಲ್ಲಿ ಇಲ್ಲೇ ಮನೆಮಂದಿಯೆಲ್ಲ ತಟ್ಟೆ ಇಡ್ಲಿ ತಿನ್ನಬಹುದಿತ್ತು.

ನಾನು: ದೊಡ್ಡಮ್ಮ, ಅದು ಹಳಸಿದ್ದಲ್ಲ. ಸವರ್‌ಡೋ ಅಂತಾರಲ್ಲ, ಆ ಬ್ರೆಡ್ಡು ಇರಬೇಕಾದ್ದೇ ಹಾಗೆ. ಅಂಗಡಿಯಲ್ಲಿ ಸಿಗುವ ಈಸ್ಟ್ ಹಾಕುವುದಿಲ್ಲ. ಹಿಟ್ಟು, ನೀರು ಕಲಸಿಟ್ಟು, ತಾನಾಗಿ ಹುಳಿ ಬಂದ ಹಿಟ್ಟಿನಿಂದಲೇ ಉಬ್ಬಿಸುತ್ತಾರೆ. ನಮ್ಮ ಇಡ್ಲಿ ಹಿಟ್ಟು ರಾತ್ರಿಯೆಲ್ಲ ಉಬ್ಬುತ್ತದಲ್ಲ, ಅದೇ ರೀತಿ. ಈಸ್ಟ್ ಹಾಕಿದರೆ ಎರಡು-ಮೂರು ಗಂಟೆಯ ಕೆಲಸ, ಇದಕ್ಕೆ ಹೆಚ್ಚು ಕಡಿಮೆ ಒಂದು ದಿನ. ಹೊರಗಿನ ಸಿಪ್ಪೆ ಕಪ್ಪಗಾಗುವ ಹಾಗೆ ಬೇಕಂತಲೇ ಬೇಯಿಸುತ್ತಾರೆ. ಕ್ರೋಸಾಂಟ್ ಇನ್ನೂ ಕಷ್ಟ. ಬೆಣ್ಣೆ ಒಳಗಿಟ್ಟು ಮೂರು ಸಲ ಮೂರು ಮಡಿಕೆ ಮಡಚಿದರೆ 27 ಪದರ ಬೆಣ್ಣೆ ಆಗುತ್ತದೆ. ನಮ್ಮ ಏಪ್ರಿಲ್ ಬಿಸಿಲಿಗೆ ಬೆಣ್ಣೆ ಕರಗಿ ಹಿಟ್ಟಿಗೆ ಸೇರಿಬಿಟ್ಟರೆ ಪದರವೇ ಇರುವುದಿಲ್ಲ, ಏಸಿ ಹಾಕಿಕೊಂಡೇ ಲಟ್ಟಿಸಬೇಕು. ಅದಕ್ಕೇ ರೇಟಿನ ಬಗ್ಗೆ ನನ್ನ ತಕರಾರಿಲ್ಲ. ಬೇಡವಾದವರು ತೆಗೆದುಕೊಳ್ಳುವುದು ಬೇಡ, ಅಷ್ಟೇ.

ದೊಡ್ಡಪ್ಪ: ಬಿಲ್ ದೊಡ್ಡದು ಮಾಡಿ ನೋಡಿದೆ. ತಿಂಡಿ 2,000. ಸರ್ವಿಸ್ ಚಾರ್ಜ್ 10% ಅಂತ 200. ಎರಡೂ ಸೇರಿಸಿ 2,200ರ ಮೇಲೆ ಜಿಎಸ್‌ಟಿ 5%, ಅಂದರೆ 110. ಜಿಎಸ್‌ಟಿ ಸರ್ಕಾರಕ್ಕೆ ಹೋಗುತ್ತದೆ, ಸರಿ. ಸರ್ವಿಸ್ ಚಾರ್ಜ್ ತೆರಿಗೆಯಲ್ಲ. ಬಿಲ್ಲಿಗೆ ತಾನಾಗಿ ಸೇರಿಸಬಾರದು ಅಂತ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿದೆ. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನೇ ಎತ್ತಿ ಹಿಡಿಯಿತು. ತೆಗೆಯಿರಿ ಅಂತ ಯಾಕೆ ಕೇಳಲಿಲ್ಲ?

ಭಾವ: ಅಲ್ಲಿ ಅದಕ್ಕಿಂತ ದೊಡ್ಡ ವಿಷಯ ಆಗಿತ್ತು ದೊಡ್ಡಪ್ಪ. ಅವಳೇ ಹೇಳುತ್ತಾಳೆ.

ಅಕ್ಕ: ಅಜ್ಜಿ ಮೊಟ್ಟೆ ಮುಟ್ಟುವುದಿಲ್ಲ, ಎಲ್ಲರಿಗೂ ಗೊತ್ತು. ಕ್ರೋಸಾಂಟ್ ತಂದಿಟ್ಟ ತಕ್ಷಣ ಅವರೇ ಕೇಳಿದರು, "ಇಷ್ಟೊಂದು ಹೊಳೆಯುತ್ತಿದೆಯಲ್ಲಪ್ಪ, ಮೇಲೆ ಏನು ಸವರಿದ್ದೀರಿ?" ಬಡಿಸುವ ಹುಡುಗ "ಬೆಣ್ಣೆ ಅಜ್ಜಿ" ಅಂದ. ಅರ್ಧ ತಿಂದರು. ಹೊರಡುವಾಗ ಪಾರ್ಸೆಲ್ ಕೇಳಿದರೆ ಕೌಂಟರಿನ ಹುಡುಗಿ, "ಇದಕ್ಕೆ ಮೇಲೆ ಮೊಟ್ಟೆ ಸವರಿರುತ್ತೇವೆ, ಪರವಾಗಿಲ್ವಾ?" ಅಂದಳು. ಅಜ್ಜಿ ಏನೂ ಅನ್ನಲಿಲ್ಲ. ಹೊರಗೆ ಹೋಗಿ ಬಾಯಿ ಮುಕ್ಕಳಿಸಿದರು. ರಾತ್ರಿ ಊಟ ಮಾಡಲಿಲ್ಲ.

ಚಿಕ್ಕಮ್ಮ: ಅಯ್ಯೋ. ಇದನ್ನು ಮೊದಲೇ ಹೇಳಬಾರದಿತ್ತಾ?

ಚಿಕ್ಕಪ್ಪ: ಬೇಕರಿ ಅಂದಮೇಲೆ ಮೊಟ್ಟೆ ಇದ್ದೇ ಇರುತ್ತದೆ. ಅಜ್ಜಿಯನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೇ ತಪ್ಪು. ಹುಡುಗ ಹೊಸಬನಿರಬೇಕು. ಗೊತ್ತಿರಲಿಲ್ಲ ಅಂತ ಕಾಣುತ್ತದೆ.

ಅಕ್ಕ: ಗೊತ್ತಿಲ್ಲದಿದ್ದರೆ ಒಳಗೆ ಕೇಳಿಕೊಂಡು ಬರಬಹುದಿತ್ತು ಚಿಕ್ಕಪ್ಪ. ಅಜ್ಜಿ ಕೇಳಿಯೇ ತಿಂದಿದ್ದು.

ನಾನು: ಚಿಕ್ಕಪ್ಪ, ಈ ಮಾತನ್ನು ನಾನು ಒಪ್ಪುವುದಿಲ್ಲ. ಎಂಬತ್ತು ದಾಟಿದವರು ಮೊಮ್ಮಕ್ಕಳ ಜೊತೆ ಒಳ್ಳೆ ಜಾಗಕ್ಕೆ ಹೋಗಬಾರದಾ? ಕ್ರೋಸಾಂಟ್ ಹಿಟ್ಟಿಗೆ ಸಾಮಾನ್ಯವಾಗಿ ಮೊಟ್ಟೆ ಹಾಕುವುದಿಲ್ಲ. ಬಣ್ಣಕ್ಕೆ, ಹೊಳಪಿಗೆ ಅಂತ ಮೇಲೆ ಬ್ರಷ್‌ನಲ್ಲಿ ಸವರುತ್ತಾರೆ, ಅಷ್ಟೇ. ಅದರ ಬದಲು ಹಾಲನ್ನೋ ಕ್ರೀಮನ್ನೋ ಸವರಬಹುದು. ಹೊಳಪು ಸ್ವಲ್ಪ ಕಡಿಮೆಯಾಗುತ್ತದೆ, ರುಚಿ ಎಲ್ಲಿಗೂ ಹೋಗುವುದಿಲ್ಲ. ಪ್ಯಾಕೆಟ್ ಬಿಸ್ಕತ್ತಿನಲ್ಲಿ ಮೊಟ್ಟೆ ಇದ್ದರೆ ಕಂದು ಗುರುತು ಹಾಕಲೇಬೇಕು ಅಂತ ಕಾನೂನಿದೆ. ಇಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಇಪ್ಪತ್ತು ತರಹದ ತಿಂಡಿ ಇಟ್ಟು ಹೆಸರೆಲ್ಲ ಇಂಗ್ಲಿಷಿನಲ್ಲೇ ಬರೆದಿದ್ದಾರೆ. ಅಜ್ಜಿ ಕನ್ನಡ ಪೇಪರನ್ನು ಮೊದಲ ಪುಟದಿಂದ ಕೊನೆಯವರೆಗೆ ಓದುತ್ತಾರೆ. ತಟ್ಟೆ ಪಕ್ಕ "ಮೊಟ್ಟೆ ಇದೆ" ಅಂತ ಒಂದು ಚೀಟಿ ಇದ್ದಿದ್ದರೆ ಯಾರನ್ನೂ ಕೇಳುವ ಕಷ್ಟವೇ ಇರಲಿಲ್ಲ.
ಪಾಸ್ತಾ ತಡವಾದದ್ದು ಬಿಡಿ. ಭಾನುವಾರ ಮಧ್ಯಾಹ್ನ, ಚಿಕ್ಕ ಜಾಗ, ಆಗುತ್ತದೆ. ಆದರೆ ಕೇಳಿದವರಿಗೆ ತಪ್ಪು ಹೇಳಿ ತಿನ್ನಿಸುವುದನ್ನು ಸಣ್ಣದು ಅನ್ನಬೇಡಿ.

ಚಿಕ್ಕಪ್ಪ: ಸರಿ ಕಣಮ್ಮ. ಆದರೂ ಒಂದು ಸ್ಟಾರ್ ಹಾಕಿ ಆ ಓನರ್ ಹೆಣ್ಣುಮಗಳ ಅಂಗಡಿ ಮುಚ್ಚಿಸುವುದು ಬೇಡ. ಸಾಲ ಮಾಡಿ ಶುರು ಮಾಡಿರುತ್ತಾರೆ.

ಭಾವ: ಹಾಗಾದರೆ ಸುಮ್ನೆ ಇರಬೇಕಾ?

ನಾನು: ಸುಮ್ನೆ ಇರಿ ಅಂತ ಯಾರೂ ಹೇಳುತ್ತಿಲ್ಲ ಭಾವ. ನಡೆದದ್ದನ್ನು ನಡೆದ ಹಾಗೇ ಬರೆಯಿರಿ. ಬ್ರೆಡ್ಡು, ಕ್ರೋಸಾಂಟ್ ಚೆನ್ನಾಗಿದೆ, ಅದನ್ನೂ ಬರೆಯಿರಿ. ಮೊಟ್ಟೆ ವಿಷಯ ಎಲ್ಲಕ್ಕಿಂತ ಮೊದಲ ಸಾಲಿನಲ್ಲಿ ಇರಲಿ. ಮೊಟ್ಟೆ ತಿನ್ನದ ಇನ್ನೊಂದು ಮನೆಯವರು ಅದನ್ನು ಓದಿಯೇ ಹೋಗುವ ಹಾಗಾಗಲಿ. ಹೋಗದವರು ಯಾರೂ ಸ್ಟಾರ್ ಹಾಕುವುದು ಬೇಡ.

ದೊಡ್ಡಮ್ಮ: ಇದು ನ್ಯಾಯವಾದ ಮಾತು.

ಚಿಕ್ಕಮ್ಮ: ನಾಳೆ ಬೆಳಿಗ್ಗೆ ನಾನು ಹೋಗಿ ಆ ಹೆಣ್ಣುಮಗಳ ಹತ್ತಿರ ಮಾತಾಡುತ್ತೇನೆ. ಚೀಟಿ ಬರೆಯುವುದಕ್ಕೆ ಕಷ್ಟ ಅಂದರೆ ನಾನೇ ಕೂತು ಕನ್ನಡದಲ್ಲಿ ಬರೆದುಕೊಟ್ಟು ಬರುತ್ತೇನೆ. ಅಲ್ಲಿವರೆಗೆ ಹಾಕಬೇಡಿ.

ಭಾವ: ಆಯ್ತು. ನಾಳೆ ಸಂಜೆವರೆಗೆ ಕಾಯುತ್ತೇನೆ. ಆಮೇಲೆ ಬರೆಯುವುದಂತೂ ಬರೆಯುತ್ತೇನೆ.

ದೊಡ್ಡಪ್ಪ: ಹೋಗುವಾಗ ಈ ಬಿಲ್ ತೆಗೆದುಕೊಂಡು ಹೋಗಮ್ಮ. ಸರ್ವಿಸ್ ಚಾರ್ಜ್ 200, ಅದರ ಮೇಲಿನ ಜಿಎಸ್‌ಟಿ 10, ಒಟ್ಟು 210 ವಾಪಸ್ ಕೇಳು. ಕೊಡುವುದಿಲ್ಲ ಅಂದರೆ ಗ್ರಾಹಕರ ಸಹಾಯವಾಣಿ 1915ಕ್ಕೆ ನಾನೇ ಫೋನ್ ಮಾಡುತ್ತೇನೆ.